ಮರಳಿನಡಿಯ ಫೇರೋ ನಗರ

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಗ್ವಾಡಲೂಪ್ ಎಂಬ ಸಣ್ಣ ಊರಿದೆ. ಅದರ ಬಳಿಯ ಮರಳುದಿಬ್ಬಗಳ ನಡುವೆ 1923ರಲ್ಲಿ ಪ್ರಾಚೀನ ಈಜಿಪ್ಟಿನ ನಗರವೊಂದು ತಲೆಯೆತ್ತಿತು. ಸೆಸಿಲ್ ಬಿ. ಡಿಮಿಲ್ ಅವರ 'ದಿ ಟೆನ್ ಕಮ್ಯಾಂಡ್‌ಮೆಂಟ್ಸ್' ಮೂಕಚಿತ್ರಕ್ಕಾಗಿ ನೂರಡಿಗೂ ಮಿಕ್ಕಿದ ಕೋಟೆಗೋಡೆ, 35 ಅಡಿ ಎತ್ತರದ ನಾಲ್ಕು ಫೇರೋ ಪ್ರತಿಮೆಗಳು, ಸಾಲಾಗಿ ಕುಳಿತ 21 ಸ್ಫಿಂಕ್ಸ್‌ಗಳು ಸಿದ್ಧವಾದವು. ಎಲ್ಲವೂ ಮರ ಮತ್ತು ಪ್ಲಾಸ್ಟರಿನವು. ಸಾವಿರಾರು ಜನ, ಸಾವಿರಾರು ಪ್ರಾಣಿಗಳು ಅಲ್ಲಿ ಬೀಡುಬಿಟ್ಟಿದ್ದರು. ಚಿತ್ರೀಕರಣ ಮುಗಿದೊಡನೆ ನಗರವನ್ನು ಕೆಡವಿ ಅದೇ ಮರಳಿನಲ್ಲಿ ಹೂಳಲಾಯಿತು. ಅನ್ಯ ಕಂಪನಿಯವರು ಬಂದು ಅದೇ ಸೆಟ್ಟಿನಲ್ಲಿ ಅಗ್ಗದ ಚಿತ್ರ ತೆಗೆದಾರೆಂಬ ಭಯವೇ ಕಾರಣವೆಂದು ಹೇಳುವುದುಂಟು. ಸಾಗಿಸುವುದಕ್ಕಿಂತ ಹೂಳುವುದು ಸುಲಭವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಹಾಚಿತ್ರಗಳ ಆ ವೈಭವಯುಗದ ರೀತಿಯೇ ಹಾಗಿತ್ತು. 1959ರ 'ಬೆನ್ ಹರ್' ಚಿತ್ರದ ರಥಸ್ಪರ್ಧೆಗೆಂದು ರೋಮಿನಲ್ಲಿ 18 ಎಕರೆಯ ಕಣವೊಂದನ್ನು ನಿರ್ಮಿಸಿ, ಅದಕ್ಕೆ ಹಾಸಲು ಮೆಡಿಟರೇನಿಯನ್ ಕಡಲತೀರಗಳಿಂದ ಸುಮಾರು 36 ಸಾವಿರ ಟನ್ ಮರಳನ್ನು ಹೊತ್ತು ತರಲಾಯಿತು. ಆ ಸ್ಪರ್ಧೆ ಇಂದಿಗೂ ಮೈ ನವಿರೇಳಿಸುತ್ತದೆ, ಅದರಲ್ಲಿ ಸಂದೇಹವಿಲ್ಲ. ಚಿತ್ರಕ್ಕೆ 11 ಆಸ್ಕರ್ ಪ್ರಶಸ್ತಿಗಳು ಬಂದವು; ಮರಳು ಕಳೆದುಕೊಂಡ ತೀರಗಳ ಹೆಸರನ್ನು ಯಾವ ಪ್ರೇಕ್ಷಕನೂ ಕೇಳಲಿಲ್ಲ. 'ಕ್ಲಿಯೋಪಾತ್ರ' (1963) ಚಿತ್ರಕ್ಕಂತೂ ಮೊದಲು ಇಂಗ್ಲೆಂಡಿನಲ್ಲಿ ಅಲೆಕ್ಸಾಂಡ್ರಿಯವನ್ನು ಕಟ್ಟಿ, ಅಲ್ಲಿನ ಹವೆ ಮತ್ತು ನಾಯಕಿಯ ಕಾಯಿಲೆಯಿಂದಾಗಿ ಅದನ್ನು ಕೈಬಿಟ್ಟು, ಇಟಲಿಯಲ್ಲಿ ಮತ್ತೊಮ್ಮೆ ಕಟ್ಟಿದರು. ಇಪ್ಪತ್ತು ಲಕ್ಷ ಡಾಲರಿನ ಅಂದಾಜು ನಾಲ್ಕು ಕೋಟಿಯನ್ನು ದಾಟಿತು. ನಿರ್ಮಾಪಕ ಸಂಸ್ಥೆ ದಿವಾಳಿಯ ಅಂಚಿಗೆ ಬಂದ ಕಥೆ ಎಲ್ಲರಿಗೂ ಗೊತ್ತು. ಎರಡೆರಡು ಬಾರಿ ಬಳಕೆಯಾದ ಮರದ ಲೆಕ್ಕವನ್ನು ಮಾತ್ರ ಆ ಕಥೆ ಹೇಳುವವರು ಎತ್ತುವುದಿಲ್ಲ.

ಡಿಮಿಲ್ ತಮ್ಮ ಆತ್ಮಕಥೆಯಲ್ಲಿ ಹೂತ ನಗರದ ಬಗೆಗೆ ಪರಿಹಾಸ ಮಾಡಿದ್ದಾರೆ: ಸಾವಿರ ವರ್ಷಗಳ ಅನಂತರ ಅಗೆಯುವವರು ಈಜಿಪ್ಟಿನ ನಾಗರಿಕತೆ ಅಮೆರಿಕದವರೆಗೆ ಹಬ್ಬಿತ್ತೆಂದು ಭ್ರಮಿಸದಿರಲಿ ಎಂದು. ಸಾವಿರ ವರ್ಷ ಬೇಕಾಗಲಿಲ್ಲ. 1983ರಲ್ಲಿ ಪೀಟರ್ ಬ್ರಾಸ್ನನ್ ಎಂಬ ಚಿತ್ರಕರ್ಮಿ ಹುಡುಕಾಟ ಆರಂಭಿಸಿದರು. ಗಾಳಿ ಮರಳನ್ನು ಸರಿಸಿದಲ್ಲೆಲ್ಲ ಪ್ಲಾಸ್ಟರಿನ ಚೂರುಗಳು ಕಾಣತೊಡಗಿದ್ದವು. ಆದರೆ ಅಗೆಯಲು ಅನುಮತಿ, ಹಣ ಎರಡನ್ನೂ ಹೊಂದಿಸುವುದರಲ್ಲಿ ದಶಕಗಳೇ ಕಳೆದವು. ಸ್ಫಿಂಕ್ಸ್ ಒಂದರ ತಲೆ ಹೊರಬಂದದ್ದು 2012ರಲ್ಲಿ.

ಈ ನಡುವೆ, 2000ದಲ್ಲಿ, ಆ ದಿಬ್ಬಗಳ ಒಂದು ಭಾಗ ವನ್ಯಜೀವಿ ಆಶ್ರಯತಾಣವಾಯಿತು. ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿ ಅಲ್ಲಿನ ಬಯಲು ಮರಳಿನಲ್ಲಿ ಸಣ್ಣ ತಗ್ಗು ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆಯೂ ಮರಳಿನ ಬಣ್ಣದ್ದೇ, ಕಾಲಿಟ್ಟವನಿಗೆ ಕಾಣುವುದಿಲ್ಲ. ಮೇಲೆತ್ತಿದ ಕೆಲವು ತುಣುಕುಗಳನ್ನು ಊರಿನ ವಸ್ತುಪ್ರದರ್ಶನದಲ್ಲಿ ಇಡಲಾಗಿದೆ. ಫೇರೋ ನಗರದ ಉಳಿದ ಭಾಗ ಇನ್ನೂ ಮರಳಿನಡಿಯಲ್ಲೇ ಇದೆ, ಪ್ರತಿ ಮಳೆಗೂ ತುಸುತುಸುವೇ ಕರಗುತ್ತಾ.