ಗಾಲಿ ಮೇಲಿನ ಮನೆ ಎಲ್ಲಿ ನಿಲ್ಲಬೇಕು?

ಮನೆಯನ್ನೇ ಗಾಲಿಯ ಮೇಲೇರಿಸಿಕೊಂಡು ಊರೂರು ಸುತ್ತುವುದು ಈಗ ನಮ್ಮಲ್ಲೂ ಷೋಕಿಯಾಗುತ್ತಿದೆ. ಕೇರಳವಂತೂ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಹೆಸರಿನಲ್ಲಿ ಇದಕ್ಕೊಂದು ಯೋಜನೆಯನ್ನೇ ಹೊರಡಿಸಿತು. ಕ್ಯಾರವಾನ್ ಎಂದರೆ ಹಾಸಿಗೆ, ಅಡುಗೆ ಕಟ್ಟೆ, ಕಕ್ಕಸು, ಏಸಿ ಎಲ್ಲ ಇರುವ ಬಸ್ಸು. ಅದು ತಂಗಲು ಬೇರೆಯದೇ ಪಾರ್ಕು. ಅಂಥದೊಂದು ಗಾಡಿ ಸಿಂಧನೂರು ತಾಲ್ಲೂಕಿನ ಮುಕ್ಕುಂದಕ್ಕೆ ಬಂದು, ತುಂಗಭದ್ರೆಯ ದಂಡೆಯಲ್ಲಿ ಒಂದು ವಾರ ಇರುತ್ತೇನೆ ಎಂದಿತು ಅನ್ನಿ. ನೋಡಲಿಕ್ಕೇನೂ ಬರವಿಲ್ಲ. ಮಸ್ಕಿಯಲ್ಲಿ ಅಶೋಕನ ಶಾಸನ, ಮುದಗಲ್ಲಿನಲ್ಲಿ ಕೋಟೆ, ಹಟ್ಟಿಯಲ್ಲಿ ಚಿನ್ನದ ಗಣಿ, ಕೃಷ್ಣೆಯ ನಡುಗಡ್ಡೆಯಲ್ಲಿ ಜಲದುರ್ಗ. ಎಲ್ಲವೂ ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮರಳುವಷ್ಟು ದೂರ. ತೊಡಕಿರುವುದು ಓಡಾಟದಲ್ಲಲ್ಲ, ನಿಲ್ಲುವುದರಲ್ಲಿ. ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು, ಹೊಲಸು ನೀರನ್ನು ಎಲ್ಲಿ ಬಿಡಬೇಕು?

ಈ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬಂದಾಗ ಹೊರಗಿನಿಂದ ಕಟಾವು ಮಷಿನ್‌ಗಳು ಸಾಲುಗಟ್ಟಿ ಬರುತ್ತವೆ. ಡ್ರೈವರು, ಅವನ ಜೊತೆಗಿನ ಹುಡುಗರು ಗದ್ದೆ ಬದುವಿನಲ್ಲೇ ಬಿಡಾರ ಹೂಡುತ್ತಾರೆ. ಮಷಿನ್ನಿನ ಏಣಿಗೆ ಒಣಹಾಕಿದ ಲುಂಗಿ, ಅದರ ನೆರಳಲ್ಲಿ ಸಣ್ಣ ಸಿಲಿಂಡರಿನ ಮೇಲೆ ಕುದಿಯುವ ಅನ್ನ, ಟೈರಿಗೆ ಒರಗಿಸಿದ ನೀರಿನ ಕ್ಯಾನು. ಕೊಯ್ಲು ಮುಗಿಯುತ್ತಲೇ ಕುರಿಯವರು ಬರುತ್ತಾರೆ. ಬಲೆ ಕಟ್ಟಿ ಹೊಲದಲ್ಲಿ ಹಟ್ಟಿ ಹಾಕುತ್ತಾರೆ. ರಾತ್ರಿಯೆಲ್ಲ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ, ಅದಕ್ಕೆ ಹೊಲದವರು ಕಾಳನ್ನೋ ರೊಕ್ಕವನ್ನೋ ಕೊಡುತ್ತಾರೆ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಬರುವವರೂ ಬಂಡಿ, ಟ್ರ್ಯಾಕ್ಟರುಗಳ ಟ್ರಾಲಿಯಲ್ಲೇ ಮಲಗಿ ಏಳುತ್ತಾರೆ. ಇನ್ನು ಲಿಂಗಸುಗೂರು, ಮಸ್ಕಿ ಕಡೆಯ ಒಣಭೂಮಿಯವರು ಪಾತ್ರೆ-ಪಗಡೆ ಚೀಲಕ್ಕೆ ತುಂಬಿಕೊಂಡು ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ಎದ್ದುನಿಲ್ಲುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕ ತಾಡಪಾಲಿನ ಕೆಳಗೆ ವರ್ಷದ ಅರ್ಧ ಕಳೆಯುತ್ತಾರೆ.

ಮನೆ ಹೊತ್ತು ತಿರುಗುವುದರಲ್ಲಿ ಇವರಿಗಿರುವಷ್ಟು ಅನುಭವ ಯಾವ ಕ್ಯಾರವಾನಿನವರಿಗೂ ಇಲ್ಲ. ಆದರೆ ಒಬ್ಬರು ಸುತ್ತಿದರೆ ಪ್ರವಾಸ, ಇನ್ನೊಬ್ಬರು ಸುತ್ತಿದರೆ ‘ಎಲ್ಲಿಯವರೋ, ಯಾರೋ’. ಈ ಅನುಮಾನಕ್ಕೆ ಕಾನೂನಿನ ಬಲವೂ ಇತ್ತು. ದಖನ್ನಿನ ಸೈನ್ಯಗಳಿಗೆ ಎತ್ತುಗಳ ಮೇಲೆ ದವಸ, ಉಪ್ಪು ಹೊತ್ತು ತಂದವರು ಬಂಜಾರರು. ಅವರಿಲ್ಲದೆ ದಂಡುಗಳು ಉಣ್ಣುತ್ತಿರಲಿಲ್ಲ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾತ್ರ ಅಲೆಮಾರಿಗಳೆಂದರೆ ಕಳ್ಳರು ಎಂಬಂತೆ ಅನೇಕ ಸಮುದಾಯಗಳ ಮೇಲೆ ಮುದ್ರೆ ಒತ್ತಿತು. ಕಾಯ್ದೆ ರದ್ದಾದದ್ದು 1952ರಲ್ಲಿ; ಅನುಮಾನ ರದ್ದಾಗಿಲ್ಲ. ಅಮೆರಿಕದಲ್ಲೂ ಇದೇ ಕತೆ. 2008ರ ಆರ್ಥಿಕ ಕುಸಿತದ ನಂತರ ಮನೆ ಕಳೆದುಕೊಂಡು ವ್ಯಾನಿನಲ್ಲಿ ಬದುಕಿದವರು ರಾತ್ರಿ ತಂಗಲು ಅಂಗಡಿಗಳ ಪಾರ್ಕಿಂಗ್ ಹುಡುಕಬೇಕಾಯಿತು.

ಹಾಗೆಂದು ಷೋಕಿಯ ಗಾಡಿ ಬೇಡವೆನ್ನುವ ವಾದ ನನ್ನದಲ್ಲ. ಬರಲಿ. ಅದರಿಂದ ಊರು ಉದ್ಧಾರವಾಗುತ್ತದೆ ಎಂಬ ಮಾತನ್ನು ಮಾತ್ರ ಸ್ವಲ್ಪ ತೂಗಿ ನೋಡಬೇಕು. ಅಡುಗೆಮನೆಯನ್ನೂ ಫ್ರಿಜ್ಜನ್ನೂ ಜೊತೆಗೇ ತಂದವರು ಸಿಂಧನೂರಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಕೇಳುವರೇ? ಸಂಜೆಗೆ ಒಗ್ಗರಣಿ-ಮಿರ್ಚಿ ಅಂಗಡಿಯ ಮುಂದೆ ನಿಲ್ಲುವರೇ? ಲಾಡ್ಜಿನಲ್ಲಿ ಇಳಿದ ಸಾಮಾನ್ಯ ಪ್ರವಾಸಿ ಊಟ, ಚಹಾ, ಆಟೊ ಎಂದು ನಾಲ್ಕು ಕೈಗೆ ರೊಕ್ಕ ಹಂಚುತ್ತಾನೆ. ಎಲ್ಲ ತಂದುಕೊಂಡವನು ಊರಿಗೆ ಬಿಟ್ಟುಹೋಗುವುದು ಬಹುಮಟ್ಟಿಗೆ ಕಸ, ಕೊಳಚೆ. ನದಿಯ ದಂಡೆಗೆ ಇದು ಸಣ್ಣ ಮಾತಲ್ಲ. ಆ ನೀರನ್ನೇ ಕೆಳಗಿನ ಊರುಗಳು ಕುಡಿಯುತ್ತವೆ.

ದಂಡೆಯಲ್ಲೇ ನಿಲ್ಲಬೇಕೆಂಬ ಹಟವೂ ಒಳ್ಳೆಯದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹೊಳೆಯ ಕೆಳಗಿನ ಊರುಗಳವರಿಗೆಲ್ಲ ಎಚ್ಚರಿಕೆ ಹೋಯಿತು. 2009ರ ನೆರೆಯನ್ನು ಕಂಡವರಿಗಂತೂ ಹೊಳೆಯ ಅಂದಕ್ಕಿಂತ ಅದರ ಮಟ್ಟ ಮೊದಲು ನೆನಪಾಗುತ್ತದೆ. ಊರವರು ಮನೆ ಕಟ್ಟಲು ಹಿಂಜರಿಯುವ ಜಾಗದಲ್ಲಿ ಪ್ರವಾಸೋದ್ಯಮದವರು ಪಾರ್ಕು ಕಟ್ಟಬಾರದು.

ಎಲ್ಲಿ ಎಂಬಷ್ಟೇ ಮುಖ್ಯ, ಯಾರಿಗಾಗಿ ಎಂಬ ಪ್ರಶ್ನೆ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಗಣಿ ಎಂಜಿನಿಯರ್. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾದದ್ದು ಆ ಬಂಡೆಯ ಮೇಲಿನ ಹೆಸರಿನಿಂದ. ಅದೇ ಅಶೋಕ ತನ್ನ ಬೇರೆ ಶಾಸನಗಳಲ್ಲಿ, ದಾರಿಯುದ್ದಕ್ಕೂ ಬಾವಿ ತೋಡಿಸಿದೆ, ಮರ ನೆಡಿಸಿದೆ ಎನ್ನುತ್ತಾನೆ. ಯಾರಿಗಾಗಿ ಎಂಬುದನ್ನೂ ಹೇಳುತ್ತಾನೆ: ಮನುಷ್ಯರಿಗೆ ಮತ್ತು ಪಶುಗಳಿಗೆ. ದುಡ್ಡಿದ್ದ ಪಯಣಿಗರಿಗೆ ಎಂದಿಲ್ಲ. ಶಾಸನ ನೋಡಲು ಜನರನ್ನು ಕರೆತರುವ ಇಲಾಖೆ ಈ ಭಾಗವನ್ನೂ ಓದಿಕೊಳ್ಳಬೇಕು.

ಆದ್ದರಿಂದ ಸಿಂಧನೂರು ಭಾಗದಲ್ಲಿ ಎಂದಾದರೂ ಗಾಡಿಗಳ ತಂಗುದಾಣ ಮಾಡುವುದಾದರೆ ಅದು ಕ್ಯಾರವಾನಿನವರಿಗಷ್ಟೇ ಆಗಬಾರದು. ನೆರೆಯ ಮಟ್ಟಕ್ಕಿಂತ ಮೇಲೆ, ರಸ್ತೆಗೆ ಹತ್ತಿರದ ಸರಕಾರಿ ಜಾಗ. ಒಂದು ನಳ, ದನ-ಕುರಿಗೆ ನೀರಿನ ತೊಟ್ಟಿ, ಗಂಡಸರಿಗೂ ಹೆಂಗಸರಿಗೂ ಶೌಚಾಲಯ, ಒಂದು ದೀಪ, ಗಾಡಿಯ ಹೊಲಸು ಬಿಡಲು ಮುಚ್ಚಿದ ಗುಂಡಿ. ಕಟಾವು ಮಷಿನ್ನಿನ ಹುಡುಗರೂ, ಜಾತ್ರೆಯ ಬಂಡಿಯವರೂ, ಕುರಿಯವರೂ ಯಾರ ಅಪ್ಪಣೆಗೂ ಕಾಯದೆ ಅಲ್ಲಿ ರಾತ್ರಿ ಕಳೆಯಬೇಕು. ಏಸಿ ಗಾಡಿಯವರಿಂದ ಬಾಡಿಗೆ ತೆಗೆದುಕೊಳ್ಳಿ, ಆ ರೊಕ್ಕದಲ್ಲಿ ನಳದ ಬಿಲ್ಲು ಕಟ್ಟಿ. ಕುರಿಯವರಿಂದ ಮಾತ್ರ ಒಂದು ಪೈಸೆಯನ್ನೂ ಕೇಳಬೇಡಿ.