ಏರುವ ಗೇರಿನಲ್ಲೇ ಇಳಿಯಬೇಕು, ಏಕೆ?

ಆಗುಂಬೆ ಘಾಟಿಯ ತಿರುವೊಂದರಲ್ಲಿ ಸ್ವಲ್ಪ ಹೊತ್ತು ನಿಂತರೆ ಮೂರು ಬಗೆಯ ಬೈಕ್ ಸವಾರರು ಕಾಣಸಿಗುತ್ತಾರೆ. ಸೋಮೇಶ್ವರದ ಕಡೆಯಿಂದ ಹತ್ತಿ ಬರುವವರಲ್ಲಿ ಕೆಲವರ ಬೈಕು ಒಂದೇ ಶ್ರುತಿಯಲ್ಲಿ ಸದ್ದು ಮಾಡುತ್ತಾ ಸರಾಗವಾಗಿ ತಿರುವು ದಾಟುತ್ತದೆ. ಇನ್ನು ಕೆಲವರದು ಧಡ್ ಧಡ್ ಎಂದು ಮೈಯೆಲ್ಲ ನಡುಗಿಸಿಕೊಂಡು, ಈಗ ನಿಂತೀತೋ ಆಗ ನಿಂತೀತೋ ಎಂಬಂತೆ ತೆವಳುತ್ತದೆ. ಮೂರನೆಯವರು ಮೇಲಿನಿಂದ ಸದ್ದೇ ಇಲ್ಲದೆ ಜಾರಿ ಬರುವವರು. ಪೆಟ್ರೋಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ತಂದಿರುತ್ತಾರೆ. ಕೆಲವರು ಎಂಜಿನ್ನನ್ನೇ ಆರಿಸಿರುತ್ತಾರೆ. ಮೂವರಲ್ಲಿ ಹೆಚ್ಚು ಅಪಾಯದಲ್ಲಿರುವವರು ಇವರೇ. ಅದೇಕೆಂದು ತಿಳಿಯಲು ಗೇರು ಮಾಡುವ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು.

ಸೈಕಲ್ ಹುಡುಗನ ಉಪಾಯ

ಗೇರಿಲ್ಲದ ಸೈಕಲ್ಲಿನಲ್ಲಿ ದಿಬ್ಬ ಹತ್ತುವ ಹುಡುಗ ನೇರವಾಗಿ ಹೋಗುವುದಿಲ್ಲ. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನಂತೆ ಹೊರಳುತ್ತಾ ಏರುತ್ತಾನೆ. ವಾಹನ ಓಡಾಡುವ ರಸ್ತೆಯಲ್ಲಿ ಹಾಗೆ ಮಾಡಬಾರದು ಎಂಬುದು ಬೇರೆ ಮಾತು. ಆದರೆ ಅವನ ಕಾಲುಗಳು ಕಂಡುಕೊಂಡ ಉಪಾಯ ಭೌತಶಾಸ್ತ್ರದ ಪಾಠವೇ ಆಗಿದೆ. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. ಏರಬೇಕಾದ ಎತ್ತರ ಬದಲಾಗುವುದಿಲ್ಲವಾದ್ದರಿಂದ, ದಾರಿ ಉದ್ದವಾದಷ್ಟೂ ಒತ್ತಬೇಕಾದ ಬಲ ಕಡಿಮೆಯಾಗುತ್ತದೆ. ಘಾಟಿ ರಸ್ತೆಗಳನ್ನು ಸುತ್ತಿಸಿ ಸುತ್ತಿಸಿ ಕಟ್ಟಿರುವುದೂ ಇದಕ್ಕಾಗಿಯೇ.

ಗೇರ್‌ಪೆಟ್ಟಿಗೆ ಇದೇ ಕೆಲಸವನ್ನು ಹಲ್ಲಿನ ಚಕ್ರಗಳಿಂದ ಮಾಡುತ್ತದೆ. ಲೆಕ್ಕ ಸುಲಭವಾಗಲೆಂದು ಒಂದು ಸಣ್ಣ ಬೈಕಿನ ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಮೊದಲ ಗೇರಿನಲ್ಲಿ 36, ಎರಡನೆಯದರಲ್ಲಿ 22, ನಾಲ್ಕನೆಯದರಲ್ಲಿ 12 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ನಿನ ತಿರುಗಿಸುವ ಬಲ ಅಷ್ಟೇ ಇದ್ದರೂ ಮೊದಲ ಗೇರಿನಲ್ಲಿ ಚಕ್ರಕ್ಕೆ ತಲುಪುವ ಬಲ ನಾಲ್ಕನೆಯದಕ್ಕಿಂತ ಮೂರು ಪಟ್ಟು. ಅದಕ್ಕೆ ತೆರುವ ಬೆಲೆ ವೇಗ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದೇ ಹೊರತು ಎರಡನ್ನೂ ಒಟ್ಟಿಗೆ ಪಡೆಯಲು ಬರುವುದಿಲ್ಲ.

ಲೆಕ್ಕ ಹೇಳುವ ಗೇರು

ಈ ಬೈಕಿನ ಚಕ್ರದ ಸುತ್ತಳತೆ 1.8 ಮೀಟರ್ ಇರಲಿ. ಏರಿನ ತಿರುವಿನಲ್ಲಿ ಬೈಕು ಗಂಟೆಗೆ 15 ಕಿ.ಮೀ. ವೇಗದಲ್ಲಿದ್ದರೆ ನಿಮಿಷಕ್ಕೆ 250 ಮೀಟರ್ ಸಾಗುತ್ತದೆ. ಚಕ್ರ ಸುಮಾರು 139 ಸುತ್ತು ತಿರುಗುತ್ತದೆ. ಸವಾರ ನಾಲ್ಕನೆಯ ಗೇರಿನಲ್ಲೇ ಇದ್ದರೆ ಎಂಜಿನ್ ನಿಮಿಷಕ್ಕೆ ತಿರುಗುವುದು ಸುಮಾರು 1,670 ಸುತ್ತು ಮಾತ್ರ. ಎರಡನೆಯ ಗೇರಿಗೆ ಇಳಿಸಿದರೆ ಅದು 3,000 ದಾಟುತ್ತದೆ.

ಈ ವ್ಯತ್ಯಾಸದ ಮಹತ್ವ ಎಂಜಿನ್ನಿನ ಒಳಗಿದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ. 1,670 ಸುತ್ತಿನಲ್ಲಿ ಸೆಕೆಂಡಿಗೆ ಹದಿನಾಲ್ಕು ತಳ್ಳು ಸಿಗುತ್ತದೆ, 3,000ದಲ್ಲಿ ಇಪ್ಪತ್ತೈದು. ತಳ್ಳು ವಿರಳವಾದಾಗ ಸವಾರ ಆಕ್ಸಿಲರೇಟರನ್ನು ಎಷ್ಟು ತಿರುಗಿಸಿದರೂ ವೇಗ ಏರುವುದಿಲ್ಲ. ನಿಧಾನವಾಗಿ ಸರಿಯುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ದಹನದ ಒತ್ತಡ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ. ಆ ಪೆಟ್ಟು ಬೇರಿಂಗಿಗೂ ಚೈನಿಗೂ ತಾಗುತ್ತದೆ. ರಸ್ತೆ ಬದಿಗೆ ಕೇಳಿಸುವ ಧಡ್ ಧಡ್ ಸದ್ದು ಇದೇ. ಮೇಲಿನ ಗೇರಿನಲ್ಲಿ ಹೋದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಮಾತು ಸಮತಟ್ಟಾದ ರಸ್ತೆಯ ಹದವಾದ ವೇಗಕ್ಕೆ ಸರಿ, ಏರಿಗೆ ಅಲ್ಲ.

ಹಾಗೆಂದು ಕೆಳಗಿನ ಗೇರಿನಲ್ಲೇ ಎಂಜಿನ್ನನ್ನು ಕಿರುಚಿಸುತ್ತಾ ಹೋಗುವುದೂ ತಪ್ಪು. ಸುತ್ತು ಹೆಚ್ಚಿದಂತೆ ಘರ್ಷಣೆ ಹೆಚ್ಚುತ್ತದೆ, ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಕ್ರಕ್ಕೆ ಹೋಗದೆ ಉಷ್ಣವಾಗುತ್ತದೆ. ಪ್ರತಿ ಎಂಜಿನ್ನಿಗೂ ತನ್ನದೇ ಆದ ಹದವಿದೆ. 97.2 ಸಿ.ಸಿ.ಯ ಹೀರೊ ಸ್ಪ್ಲೆಂಡರ್ ಪ್ಲಸ್ ತನ್ನ ಗರಿಷ್ಠ ತಿರುಗುಬಲವನ್ನು ಕೊಡುವುದು ನಿಮಿಷಕ್ಕೆ 6,000 ಸುತ್ತಿನಲ್ಲಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೊಡುವುದು 4,000ದಲ್ಲಿ. ಸ್ನೇಹಿತನ ಬುಲೆಟ್ ಮೂರನೆಯ ಗೇರಿನಲ್ಲಿ ಹತ್ತಿತೆಂದು ಸಣ್ಣ ಬೈಕೂ ಹತ್ತಬೇಕಾಗಿಲ್ಲ.

ಸುತ್ತು ತೋರಿಸುವ ಮೀಟರ್ ಎಲ್ಲ ಬೈಕಿಗೂ ಇರುವುದಿಲ್ಲ. ಆದರೆ ಕಿವಿಯೂ ಕೈಯೂ ಇವೆ. ಆಕ್ಸಿಲರೇಟರ್ ತಿರುಗಿಸಿದಾಗ ಬೈಕು ಓಗೊಡದೆ ಬರೀ ಗೊಣಗಿದರೆ ಒಂದು ಗೇರು ಇಳಿಸಬೇಕು. ಹ್ಯಾಂಡಲ್ಲು, ಫುಟ್‌ರೆಸ್ಟ್ ಝುಮ್ಮೆನ್ನುವಷ್ಟು ಎಂಜಿನ್ ಕೂಗುತ್ತಿದ್ದರೆ ಒಂದು ಗೇರು ಏರಿಸಬೇಕು. ಇದನ್ನು ತಿರುವಿನ ನಡುವೆ ಅಲ್ಲ, ತಿರುವಿಗೆ ಮೊದಲೇ ಮಾಡಿ ಮುಗಿಸಬೇಕು.

ಇಳಿಯುವಾಗ ಹೋಗುವ ಶಕ್ತಿ ಎಲ್ಲಿಗೆ?

ಈಗ ಸದ್ದಿಲ್ಲದೆ ಜಾರಿ ಬರುವ ಸವಾರನ ವಿಚಾರ. ಬೈಕು, ಅದರ ಮೇಲಿನ ಇಬ್ಬರು, ಎಲ್ಲ ಸೇರಿ 240 ಕಿಲೋಗ್ರಾಂ ಇರಲಿ. ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಪ್ರಚ್ಛನ್ನ ಶಕ್ತಿ 240 × 9.8 × 500, ಅಂದರೆ ಸುಮಾರು 12 ಲಕ್ಷ ಜೂಲ್. ಮೂರೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಉಷ್ಣ ಸಾಕು. ಸ್ವಲ್ಪ ಪಾಲನ್ನು ಗಾಳಿ ಮತ್ತು ಟೈರು ತೆಗೆದುಕೊಳ್ಳುತ್ತವೆ. ಉಳಿದದ್ದು ನ್ಯೂಟ್ರಲ್‌ನಲ್ಲಿರುವ ಬೈಕಿನಲ್ಲಿ ಎರಡು ಬ್ರೇಕುಗಳಿಗೇ ಬರಬೇಕು. ಬ್ರೇಕ್ ಲೈನರ್ ಅತಿಯಾಗಿ ಕಾದರೆ ಅದರ ಘರ್ಷಣೆ ಕುಗ್ಗುತ್ತದೆ. ಕೊನೆಯ ತಿರುವುಗಳಲ್ಲಿ ಸವಾರ ಎಷ್ಟು ಬಲವಾಗಿ ಒತ್ತಿದರೂ ಮೊದಲಿನ ಹಿಡಿತ ಸಿಗದೇ ಹೋಗಬಹುದು. ಮಳೆಯಲ್ಲಿ ಎಲೆ ಬಿದ್ದು ಜಾರುವ ರಸ್ತೆಯಾದರಂತೂ ಹೇಳುವುದೇ ಬೇಡ.

ಬೈಕು ಎರಡನೆಯ ಗೇರಿನಲ್ಲಿದ್ದು ಆಕ್ಸಿಲರೇಟರ್ ಮುಚ್ಚಿದ್ದರೆ ಚಿತ್ರವೇ ಬೇರೆ. ಆಗ ಎಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಮುಚ್ಚಿದ ದಾರಿಯಲ್ಲಿ ಗಾಳಿ ಎಳೆಯುವುದಕ್ಕೂ ಒಳಗಿನ ಘರ್ಷಣೆಗೂ ಶಕ್ತಿ ವ್ಯಯವಾಗಿ ಬೈಕು ತಾನಾಗಿ ಹಿಡಿತದಲ್ಲಿರುತ್ತದೆ. ಬ್ರೇಕಿಗೆ ಬೀಳುವ ಹೊರೆ ಇಳಿಯುತ್ತದೆ. ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು ಎಂಬ ಚಾಲಕರ ಹಳೆಯ ಮಾತಿನ ಅರ್ಥ ಇದೇ. ಆ ಗೇರಿಗೆ ಇಳಿಜಾರು ಶುರುವಾಗುವ ಮೊದಲೇ ಬರಬೇಕು. ಕ್ಲಚ್ ಹಿಡಿದೇ ಇಳಿದರೆ ಅದೂ ನ್ಯೂಟ್ರಲ್‌ಗೆ ಸಮ.

ಪೆಟ್ರೋಲ್ ಉಳಿತಾಯದ ಮಾತು? 2020ರ ಏಪ್ರಿಲ್‌ನಲ್ಲಿ ಬಿ.ಎಸ್.6 ನಿಯಮ ಜಾರಿಗೆ ಬಂದ ಮೇಲೆ ತಯಾರಾದ ಬೈಕುಗಳಲ್ಲಿ ಬಹುಪಾಲಿಗೆ ಕಾರ್ಬುರೇಟರ್ ಇಲ್ಲ, ಇಂಧನವನ್ನು ಚಿಮ್ಮಿಸುವ ವ್ಯವಸ್ಥೆ ಇದೆ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿದರೆ ಇಂತಹ ಎಂಜಿನ್ ಸಾಮಾನ್ಯವಾಗಿ ಪೆಟ್ರೋಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಉಳಿತಾಯಕ್ಕೆಂದು ಮಾಡಿದ್ದು ಖರ್ಚಿಗೆ ದಾರಿಯಾಯಿತು! ಕೀ ತಿರುಗಿಸಿ ಆರಿಸಿದರೆ ಹಾರ್ನೂ ಇಲ್ಲ, ಬ್ರೇಕ್ ದೀಪವೂ ಇಲ್ಲ.

ಅಪ್ಪನ ಬೈಕು, ಮಗನ ಬೈಕು

ನ್ಯೂಟ್ರಲ್ ಅಭ್ಯಾಸ ಎಷ್ಟೋ ಮನೆಗಳಲ್ಲಿ ಹಿರಿಯರಿಂದ ಬಂದದ್ದು. 1960ರ ದಶಕದಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಎರಡು ಹೊಡೆತದ ಎಂಜಿನ್ನಿನವು. ಅವುಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು. ಆಕ್ಸಿಲರೇಟರ್ ಮುಚ್ಚಿ ಬಹಳ ದೂರ ಇಳಿದರೆ ಪೆಟ್ರೋಲಿನೊಡನೆ ಆಯಿಲೂ ಕಡಿಮೆಯಾಗಿ ಎಂಜಿನ್ ಒಣಗುವ ಭಯವಿತ್ತು. ಆ ಎಂಜಿನ್ನುಗಳು ಇಳಿಜಾರಿನಲ್ಲಿ ಕೊಡುತ್ತಿದ್ದ ಹಿಡಿತವೂ ಕಡಿಮೆ. ಇಂದಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಆಯಿಲ್ ಬೇರೆಯೇ ಇದ್ದು ಸದಾ ಹರಿದಾಡುತ್ತದೆ. ಎಂಜಿನ್ ಬದಲಾದ ಮೇಲೆ ಉಪದೇಶವೂ ಬದಲಾಗಬೇಕು.

ಪೋಷಕರು ಇನ್ನೊಂದು ವಿಷಯ ನೆನಪಿಡಬೇಕು. ಗೇರಿನ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆಯೇ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ ಆಗಬಹುದು. ಆದರೆ ಗೇರಿನ ವಿಜ್ಞಾನ ಕಲಿಯಲು ಲೈಸೆನ್ಸ್ ಬೇಕಿಲ್ಲ.

ಮಾಡಿ ನೋಡಿ

ಹಿರಿಯರೊಬ್ಬರು ಜೊತೆಗಿರಲಿ. ಬೈಕನ್ನು ಸಮತಟ್ಟಾದ ನೆಲದಲ್ಲಿ ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಂಜಿನ್ ತಣ್ಣಗಿರಲಿ, ಕೀ ಹೊರಗೆ ತೆಗೆದಿರಲಿ. ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಟೈರು ಹಿಡಿದು ತಿರುಗಿಸಿ, ಹಗುರವಾಗಿ ತಿರುಗುತ್ತದೆ. ನಾಲ್ಕನೆಯ ಗೇರಿಗೆ ಹಾಕಿ ತಿರುಗಿಸಿ, ತಡೆ ತಿಳಿಯುತ್ತದೆ. ಎರಡನೆಯದಕ್ಕೆ, ಆಮೇಲೆ ಮೊದಲನೆಯದಕ್ಕೆ ತಂದು ನೋಡಿ. ಚಕ್ರ ಅಲುಗುವುದೇ ಕಷ್ಟವಾಗುತ್ತದೆ. ಬೆರಳುಗಳು ಚೈನು ಮತ್ತು ಕಡ್ಡಿಗಳಿಂದ ದೂರವಿರಲಿ. ಕೈಗೆ ಸಿಕ್ಕ ಈ ತಡೆಯೇ ಘಾಟಿ ಇಳಿಯುವಾಗ ಬೈಕನ್ನು ಹಿಡಿದಿಡುವ ಮೂರನೆಯ ಬ್ರೇಕು. ನ್ಯೂಟ್ರಲ್‌ಗೆ ಹಾಕುವವರು ಕಳೆದುಕೊಳ್ಳುವುದು ಅದನ್ನೇ.