ಮಸುಕು ಯಾರದು?

ಹಳೆಯ ಮನೆ-ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ, ಚಿತ್ರ ಮಸುಕಾಗಿ ಬಂತೆಂದು ಅದನ್ನು ಗುಜರಿಗೆ ಹಾಕುವವರ ಮೇಲೆ ನನ್ನ ತಕರಾರಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕೇಳಿದಲ್ಲೆಲ್ಲ ತೀರ್ಪು ಒಂದೇ: “ವಯಸ್ಸಾಯಿತು ಸ್ವಾಮಿ, ಬಿಸಾಕಿ.” ವಯಸ್ಸಾದದ್ದು ನಿಜ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟ ಬಿ.ಬಿ.ಸಿ. ಮೈಕ್ರೋ ಹುಟ್ಟಿದ್ದು 1981ರಲ್ಲಿ, ಸ್ಪೆಕ್ಟ್ರಮ್ 1982ರಲ್ಲಿ. ಆದರೆ ವಯಸ್ಸಿಗೂ ಮಸುಕಿಗೂ ಏನು ನಂಟು?

ಆ ಕಾಲದ ಬಹುಪಾಲು ಟಿ.ವಿ.ಗಳಿಗೆ ಇದ್ದ ಬಾಗಿಲು ಒಂದೇ, ಆಂಟೆನಾದ್ದು. ಆದುದರಿಂದ ಈ ಬಡಯಂತ್ರ ತನ್ನ ಚಿತ್ರವನ್ನು ರೇಡಿಯೋ ಅಲೆಯೊಂದರ ಮೇಲೆ ಹೇರಿ, ತಾನೇ ಒಂದು ಪುಟ್ಟ ದೂರದರ್ಶನ ಕೇಂದ್ರದಂತೆ ನಟಿಸಬೇಕಾಗಿತ್ತು. ಟಿ.ವಿ. ಆ ಹೊರೆಯನ್ನು ಮತ್ತೆ ಇಳಿಸಿಕೊಳ್ಳಬೇಕು. ನಾಲ್ಕು ಮೊಳದ ದಾರಿಗೆ ಇಷ್ಟೆಲ್ಲ! ಮಧುಗಿರಿಯಿಂದ ಕೊರಟಗೆರೆಗೆ ನೇರ ರಸ್ತೆ ಇರುವಾಗ ಪಾವಗಡ, ಶಿರಾ ಸುತ್ತಿ ಮೂಟೆ ಸಾಗಿಸಿದಂತಾಯಿತು. (ಸುತ್ತುದಾರಿಯ ಕಷ್ಟವನ್ನು ಪಾವಗಡದವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅವರಿಗೆ ಮೂರು ಕಡೆಯೂ ಆಂಧ್ರ.) ಮೂಟೆ ಸೋರಿದ್ದಕ್ಕೆ ಬೆಳೆದವನನ್ನು ಬೈಯುವುದೆ?

ನೇರ ದಾರಿ ಉಂಟು. ಸ್ಪೆಕ್ಟ್ರಮ್ಮಿನೊಳಗೆ ಒಂದು ತಗಡಿನ ಡಬ್ಬಿ ಇದೆ. ಹೇರುವ ಕೆಲಸ ಅದರದು. ಹೇರುವ ಮೊದಲೇ ಚಿತ್ರವನ್ನು ಹೊರತಂದು ಟಿ.ವಿ.ಯ ಹಳದಿ ಕಿಂಡಿಗೆ ಕೊಟ್ಟರೆ ಬಹಳಷ್ಟು ಮಂಜು ಕರಗುತ್ತದೆ. ಬೆಸುಗೆ ಬಲ್ಲ ರಿಪೇರಿಯವನಿಗೆ ಇದು ದೊಡ್ಡ ಕೆಲಸವಲ್ಲ. ಬಿ.ಬಿ.ಸಿ. ಮೈಕ್ರೋಗೆ ಬೆಸುಗೆಯೂ ಬೇಡ. ಆಂಟೆನಾದ ಕಿಂಡಿಯ ಜೊತೆಗೇ, ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಕೊಡುವ ಆರ್.ಜಿ.ಬಿ. ಕಿಂಡಿ ಅದರ ಬೆನ್ನಿಗೇ ಇದೆ. ಒಂದು ಗೆರೆಯಲ್ಲಿ 640 ಚುಕ್ಕೆ, 80 ಅಕ್ಷರ ಮೂಡಿಸಬಲ್ಲ ಯಂತ್ರ ಅದು! ಅಷ್ಟನ್ನೂ ಆಂಟೆನಾದ ಇಕ್ಕಟ್ಟಿನಲ್ಲಿ ತುರುಕಿ, ಅಕ್ಷರ ಕಲೆಸಿದೆ ಎಂದು ದೂರುತ್ತೇವೆ.

ಈಗಿನ ಟಿ.ವಿ.ಗೆ ಆರ್.ಜಿ.ಬಿ. ಹಿಡಿಸದು, ನಡುವೆ ಪರಿವರ್ತಕ ಬೇಕೇ ಬೇಕು, ಒಪ್ಪಿದೆ. ಆದರೆ ಅಂಗಡಿಯವನು ಕೈಗಿಟ್ಟ ಅಗ್ಗದ ಡಬ್ಬಿ ಬೇಡ. ಸ್ಪೆಕ್ಟ್ರಮ್ ಸೆಕೆಂಡಿಗೆ 50 ಸಲ ಅವೇ ಗೆರೆಗಳ ಮೇಲೆ ಪೂರ್ಣ ಚಿತ್ರ ಬರೆಯುತ್ತದೆ. ಅಗ್ಗದ ಡಬ್ಬಿಗಳು ಎಷ್ಟೋ ಸಲ ಅದನ್ನು ದೂರದರ್ಶನದ ಅರ್ಧರ್ಧ ಚಿತ್ರವೆಂದು ಭ್ರಮಿಸಿ ಎರಡೆರಡನ್ನು ಹೆಣೆದುಬಿಡುತ್ತವೆ. ಹಳೆಯ ಕಂಪ್ಯೂಟರಿನ ಲೆಕ್ಕ ತಿಳಿದ ಪರಿವರ್ತಕವನ್ನೇ ಕೇಳಿ ಪಡೆಯಬೇಕು.

ಇಷ್ಟು ಹಟವೇಕೆ ಎನ್ನುವಿರಿ. ಗುಂಡಿ ಒತ್ತಿದ ಕೂಡಲೇ ಈ ಯಂತ್ರ ಬೇಸಿಕ್ ಭಾಷೆಯಲ್ಲಿ ಅಪ್ಪಣೆಗೆ ಕಾದು ನಿಲ್ಲುತ್ತದೆ. ಮಗು ಒಂದು ಸಾಲು ಬರೆದರೆ ಒಂದು ಸಾಲಿನ ಕೆಲಸ ಮಾಡುತ್ತದೆ. ಜಾಹೀರಾತಿಲ್ಲ, ಪಾಸ್‌ವರ್ಡ್ ಇಲ್ಲ. ಮೊಬೈಲು ತೀಡುತ್ತ ಕುಳಿತ ನಮ್ಮ ಮಕ್ಕಳಿಗೆ ಇಂಥ ವಿಧೇಯ ಗುರು ಎಲ್ಲಿ ಸಿಕ್ಕಾನು? ನಿಮ್ಮೂರ ಶಾಲೆಯ ಮೂಲೆಯಲ್ಲಿ ಒಂದು ಉಳಿದಿದ್ದರೆ, ಹರಾಜಿನ ಪಟ್ಟಿಗೆ ಸೇರಿಸುವ ಮುನ್ನ ಹಿಂದಕ್ಕೆ ತಿರುಗಿಸಿ, ಆರು ಸೂಜಿಯ ದುಂಡು ಕಿಂಡಿ ಇದೆಯೇ ನೋಡಿ.